ಕಂಬದ ಮುಂದೆ ತುಂಬಿದ ಉಡಿ

"ನಾ ಎಲ್ಲಿ ಬಿಟ್ಟೇನ್ರಿ ಅಕ್ಕಾರ?"

ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಆಕೆ ಕೇಳಿದಳು. ನಾನು ಒಲೆಯ ಬಾಜು ಮಣೆ ಹಾಕಿಕೊಂಡು, ತೊಡೆಯ ಮೇಲೆ ಪ್ರಶ್ನಾವಳಿ ಇಟ್ಟುಕೊಂಡು ಕೂತಿದ್ದೆ. ಕೇಳಿದ್ದು ಸರಳ ಪ್ರಶ್ನೆ: ನೀವು ಖೋಖೋ ಬಿಡಲು ಕಾರಣವೇನು? ಕೆಳಗೆ ಆಯ್ಕೆಗಳಿದ್ದವು. ಮೈದಾನ ಸರಿಯಿರಲಿಲ್ಲ, ತರಬೇತಿ ಸಾಲಲಿಲ್ಲ, ಗಾಯವಾಯಿತು, ಓದಿಗೆ ಅಡ್ಡಿಯಾಯಿತು, ಆಸಕ್ತಿ ಹೋಯಿತು, ಇತರೆ. ಒಂದೊಂದನ್ನೇ ಓದಿ ಹೇಳಿದೆ. ಆಕೆ ಯಾವುದಕ್ಕೂ ಹೂಂ ಅನ್ನಲಿಲ್ಲ. ಒಂದು ಕಾಲಕ್ಕೆ ಸುತ್ತಲಿನ ತಾಲೂಕುಗಳಲ್ಲೆಲ್ಲ ಹೆಸರಾದ ಓಟಗಾರ್ತಿ ಅವಳು. ಸೋದರಮಾವನ ಮನೆಗೇ ಸೊಸೆಯಾಗಿ, ಆಡಿ ಬೆಳೆದ ಊರಿನಲ್ಲೇ ಉಳಿದಿದ್ದಳು.

"ಈಗ ಆಡತಿಯೇನವಾ?" ಅಂದೆ.

"ಇಲ್ರಿ."

"ಮತ್ತ ಬಿಟ್ಟಂಗ ಆತಲ್ಲ?"

"ಬಿಟ್ಟಿಲ್ರಿ. ಉಡಿ ತುಂಬಿದ್ರು, ಮನಿಗೆ ಬಂದೆ."

'ಇತರೆ' ಎಂಬಲ್ಲಿ ಗುರುತು ಹಾಕಿದೆ. ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಕೈಗಿತ್ತಳು. ತಿಂದು ಮುಂದಿನ ಮನೆಗೆ ಹೋದೆ. ಅಲ್ಲಿಯೂ ಅದೇ ಉತ್ತರ ಬಂತು.

ಊರು ಶಲವಡಿ ಕಡೆಯ ಎರೆ ಸೀಮೆಯದು, ಹೆಸರು ಬೇಡ. ಸುತ್ತ ಕಡಲೆ, ಹತ್ತಿ, ಮೆಣಸಿನಕಾಯಿ. ಮಳೆ ಬಿದ್ದರೆ ಕರಿಮಣ್ಣು ಕಾಲಿಗೆ ಮೆತ್ತಿ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ. ಅಂಥ ನೆಲದಲ್ಲಿ ಖೋಖೋ ಅಂಗಳ ಮಾಡುವುದು ಹುಡುಗಾಟವಲ್ಲ. ಅಲ್ಲಿನ ಹೈಸ್ಕೂಲಿನ ಪಿ.ಟಿ. ಸರ್ ಗರಸು ಮಣ್ಣು ತರಿಸಿ ಹಾಸಿ, ನೀರು ಹೊಡೆಸಿ, ರೋಲರ್ ಇಲ್ಲದ್ದಕ್ಕೆ ನೀರು ತುಂಬಿದ ಬ್ಯಾರಲ್ಲನ್ನೇ ಉರುಳಿಸಿ ನೆಲ ಗಟ್ಟಿ ಮಾಡಿದ್ದರು. ಎರಡೂ ತುದಿಗೆ ಎರಡು ಕಂಬ. ಹೈಸ್ಕೂಲು ಮತ್ತು ಪಿಯು ಕಾಲೇಜಿನ ಹುಡುಗಿಯರು ಕೂಡಿ ಆಡುವ ಆ ತಂಡವನ್ನು ಸೋಲಿಸುವುದು ಯಾರಿಗೂ ಸುಲಭವಿರಲಿಲ್ಲ. ಆದರೆ ಪಿಯು ಮುಗಿದ ಮೇಲೆ ಒಬ್ಬಳೂ ಮುಂದೆ ಆಡಿರಲಿಲ್ಲ. ಯಾಕೆ ಎಂಬುದೇ ನನ್ನ ಪಿಎಚ್.ಡಿ.ಯ ಪ್ರಶ್ನೆ. ವಿಷಯ ಕ್ರೀಡಾ ನಿರ್ವಹಣೆ.

ಉಡಿಯ ಸಂಗತಿ ನನಗೆ ಹೊಸದಲ್ಲ, ಹಿಂದಿನ ವರ್ಷ ಕಣ್ಣಾರೆ ನೋಡಿದ್ದೆ. ಪಿಯು ಪರೀಕ್ಷೆ ಮುಗಿಸಿದ ಆಟಗಾರ್ತಿಯನ್ನು ಸೀರೆ ಉಡಿಸಿ ಅಂಗಳಕ್ಕೆ ಕರೆತರುತ್ತಾರೆ. ವರ್ಷಗಟ್ಟಲೆ ಚಡ್ಡಿ, ಟೀ ಶರ್ಟಿನಲ್ಲಿ ಓಡಿದ ನೆಲದ ಮೇಲೆ ಹುಡುಗಿ ನಿರಿಗೆ ಎತ್ತಿ ಹಿಡಿದು ಎಡವುತ್ತ ಬರುತ್ತಾಳೆ. ಕಂಬಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಅದರ ಮುಂದೆ ಮಣೆ ಹಾಕಿ ಕೂರಿಸುತ್ತಾರೆ. ಊರ ಹೆಂಗಸರು ಸರದಿಯಲ್ಲಿ ಬಂದು ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ರವಿಕೆಯ ಖಣ ಹಾಕುತ್ತಾರೆ. ಗಂಡನ ಮನೆಗೆ ಹೊರಟ ಮಗಳಿಗೆ ತುಂಬುವ ಹಾಗೆಯೇ. ಹೊಲ ಇದ್ದವರ ಮಗಳಿಗೂ ಕೂಲಿಗೆ ಹೋಗುವವರ ಮಗಳಿಗೂ ಒಂದೇ ಮಣೆ, ಒಂದೇ ಅಕ್ಕಿ. ಬೇರೆ ದಿನ ಒಬ್ಬರ ಹೊಸ್ತಿಲು ಒಬ್ಬರು ತುಳಿಯದ ಓಣಿಗಳ ಹೆಂಗಸರು ಅಂದು ಸಾಲಾಗಿ ನಿಲ್ಲುತ್ತಾರೆ. ಅಳುತ್ತಾರೆ ಕೂಡ. ನಾನೂ ಅತ್ತಿದ್ದೆ.

ಅತ್ತು ಬಂದು ಅದನ್ನು 'ಸಮುದಾಯದ ಬೆಂಬಲ' ಎಂಬ ತಲೆಬರಹದ ಕೆಳಗೆ ಹಾಕಿದ್ದೆ. ನಮ್ಮ ಕೆಲಸದಲ್ಲಿ ಜನ ಆಡಿದ ಮಾತು, ಕಂಡ ದೃಶ್ಯ ಎಲ್ಲವನ್ನೂ ಹೀಗೆ ತಲೆಬರಹಗಳ ಕೆಳಗೆ ವಿಂಗಡಿಸಬೇಕು. ಆಟಕ್ಕೆ ನೆರವಾದದ್ದು ಒಂದು ಕಡೆ, ಅಡ್ಡ ಬಂದದ್ದು ಇನ್ನೊಂದು ಕಡೆ. ಉಡಿ ನೆರವಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿತ್ತು.

ಪದ್ಧತಿ ಹಳೆಯದೇನಲ್ಲ ಎಂದು ಪಿ.ಟಿ. ಸರ್ ಹೇಳಿದರು. "ಮೊದಲನೇ ಬ್ಯಾಚಿನ ಹುಡುಗಿ ಅವ್ವ ಶುರು ಮಾಡಿದ್ದ್ರಿ. ಮಗಳ ಲಗ್ನ ಗಟ್ಟಿ ಆಗಿತ್ತು. ಆಕಿ ಬೆಳದದ್ದು ಈ ಅಂಗಳದಾಗ, ಇಲ್ಲೇ ಉಡಿ ತುಂಬತೇನಿ ಅಂತ ಬಂದ್ರು. ಅಗದಿ ಚೊಲೋ ಅನಸ್ತು. ಮರು ವರ್ಷ ಉಳದವರು ಬಿಡತಾರೇನ್ರಿ?"

ಮನೆಮನೆ ತಿರುಗಿ ಮುಗಿಸುವ ಹೊತ್ತಿಗೆ ನನ್ನ ಪ್ರಶ್ನಾವಳಿಗಳಲ್ಲಿ 'ಇತರೆ' ಬಿಟ್ಟು ಬೇರೆಲ್ಲ ಖಾಲಿ. ವಿಶ್ವವಿದ್ಯಾಲಯದಲ್ಲಿ ನನ್ನ ಮಾರ್ಗದರ್ಶಕರು ಅವನ್ನು ತಿರುವಿ ಹಾಕಿ, "ಮದುವಿ ಅಂತ ಒಂದು ಆಯ್ಕೆ ಸೇರಸ್ರಿ, ಮುಗೀತು" ಅಂದರು.

"ಎಲ್ಲಾರದೂ ಮದುವಿ ಆಗಿಲ್ಲ ಸರ್. ಕೆಲವರು ಮನ್ಯಾಗ ಸುಮ್ಮನ ಕೂತಾರ."

"ಹಂಗಾದ್ರ ಕೌಟುಂಬಿಕ ಕಾರಣ ಅಂತ ಹಾಕ್ರಿ."

ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗಾಯಿತು. ನನಗೆ ಸಿಟ್ಟು ಬಂತು.

ಆ ದಿನಗಳಲ್ಲೇ ಕ್ರೀಡಾ ನಿರ್ವಹಣೆಯನ್ನು ವಿಮರ್ಶಾತ್ಮಕ ಸಮಾಜವಿಜ್ಞಾನದ ಕಣ್ಣಿನಿಂದ ನೋಡುವವರ ಬರಹಗಳನ್ನು ಓದುತ್ತಿದ್ದೆ. ದೊಡ್ಡ ಹೆಸರು, ಆದರೆ ಅವರು ಹೇಳುವುದು ಇಷ್ಟೆ: ಮೈದಾನ ಎಷ್ಟಿದೆ, ತರಬೇತುದಾರ ಹೇಗಿದ್ದಾನೆ ಎಂದು ಅಳೆಯುವ ಮೊದಲು, ಇಲ್ಲಿ ತೀರ್ಮಾನ ಮಾಡುವವರು ಯಾರು, ಅದರಿಂದ ಅನುಕೂಲ ಯಾರಿಗೆ, ಯಾರೂ ಪ್ರಶ್ನಿಸದೆ ಸಹಜ ಎಂದು ನಡೆದುಹೋಗುತ್ತಿರುವುದು ಯಾವುದು ಎಂದು ಕೇಳು. ಪ್ರಶ್ನಾವಳಿಯನ್ನು ಬದಿಗಿಟ್ಟೆ. ಯಾಕೆ ಬಿಟ್ಟೆ ಎಂದು ಕೇಳುವುದನ್ನು ನಿಲ್ಲಿಸಿ, "ಅಂಗಳದಾಗ ನಿನ್ನ ಕಡೀ ದಿನ ಹೆಂಗಿತ್ತು ಹೇಳವಾ" ಎಂದು ಕೇಳುವುದೆಂದು ನಿರ್ಧರಿಸಿದೆ. ಮಾರ್ಗದರ್ಶಕರು ಒಲ್ಲದ ಮನಸ್ಸಿನಿಂದ ಒಪ್ಪಿದರು.

ಹಳೆಯ ಆಟಗಾರ್ತಿಯರನ್ನು ಕೊಟ್ಟ ಊರುಗಳಿಗೆಲ್ಲ ಮತ್ತೆ ತಿರುಗಿದೆ. ಯಮನೂರಿನಲ್ಲಿ ಒಬ್ಬಳು ಕೂಸಿಗೆ ಎಣ್ಣೆ ತಿಕ್ಕುತ್ತ ಹೇಳಿದಳು: "ಸೀರಿ ಒಳಗ ಚಡ್ಡಿ ಹಾಕ್ಕೊಂಡಿದ್ದೆ ರೀ. ಎಲ್ಲಾರೂ ಹೋದ ಮ್ಯಾಲೆ ಒಂದ ಸರ್ತಿ ಓಡಬೇಕಂತ ಮಾಡಿದ್ದೆ. ಉಡಿ ಭಾರ ಆಗಿತ್ತು. ಕೈ ಹಿಡಕೊಂಡು ಮನಿಗೆ ಕರಕೊಂಡ ಹೋಗೇಬಿಟ್ರು." ಹೇಳಿ ನಕ್ಕಳು.

ಬಮ್ಮಿಗಟ್ಟಿಯಲ್ಲಿ ಇನ್ನೊಬ್ಬಳು ಸಿಕ್ಕಳು. ಮದುವೆಗೆ ಮುಂಚೆ ಎರಡು ವರ್ಷ ತವರಿನಲ್ಲೇ ಇದ್ದವಳು. ಆ ಎರಡು ವರ್ಷ ಯಾಕೆ ಆಡಲಿಲ್ಲ ಎಂದು ಕೇಳಿದೆ. "ಅಷ್ಟ ಮಂದಿ ನನ್ನ ಮುಂದ ಕುಂತ ಅತ್ತಾರ್ರಿ. ಮರುದಿನ ಚಡ್ಡಿ ಹಾಕ್ಕೊಂಡ ಹೆಂಗ ಹೋಗಲಿ? ಅವರ ಮಾನ ಏನ ಉಳೀತು?"

ವಾಪಸು ಬರುವ ಬಸ್ಸಿನಲ್ಲಿ ಹಿಂದಿನ ವರ್ಷದ ಟಿಪ್ಪಣಿ ತೆಗೆದು ನೋಡಿದೆ. ಯಾವುದನ್ನು ನಾನು ಬೆಂಬಲ ಎಂದು ಬರೆದಿದ್ದೆನೋ ಅದೇ ಬಾಗಿಲು ಹಾಕುತ್ತಿತ್ತು. ಬೈದು ಬಿಡಿಸಿದ್ದರೆ ಯಾವಳಾದರೂ ಒಬ್ಬಳು ಜಗಳಾಡುತ್ತಿದ್ದಳು. ಇಷ್ಟು ಪ್ರೀತಿಯಿಂದ ಕಳಿಸಿದರೆ ಯಾರ ಜೊತೆ ಜಗಳಾಡುವುದು?

ಆ ವರ್ಷ ಪಿಯು ಮುಗಿಸುತ್ತಿದ್ದವಳು ತಂಡದ ನಾಯಕಿ. ಅವಳು ಆಡುವುದನ್ನು ನೋಡುವುದೇ ಒಂದು ಸುಖ. ಬೆನ್ನು ಹತ್ತಿದವಳಿಗೆ ಕೈಗೆ ಸಿಕ್ಕೇಬಿಟ್ಟಳು ಅನಿಸುವಂತೆ ಓಡಿ, ಕಂಬದ ಬಳಿ ಮೈಯನ್ನೇ ತಿರುವಿ ಪಾರಾಗುತ್ತಿದ್ದಳು. ಧಾರವಾಡದ ಕಾಲೇಜೊಂದರಲ್ಲಿ ಕ್ರೀಡಾ ಕೋಟಾದಲ್ಲಿ ಹಾಸ್ಟೆಲ್ ಸಮೇತ ಸೀಟು ಕೊಡುತ್ತಾರೆಂದು ಪಿ.ಟಿ. ಸರ್ ಅವಳ ಹೆಸರು ಕೊಟ್ಟಿದ್ದರು. ಸೋಮವಾರ ಆಯ್ಕೆ. ಅದರ ಹಿಂದಿನ ಶುಕ್ರವಾರ ಅವಳ ಉಡಿ.

"ಅಕ್ಕಾರ, ಉಡಿ ತುಂಬಿದ ಮ್ಯಾಲೆ ಆಡಬಾರದು ಅಂತ ಎಲ್ಲೆರೆ ಬರದಾರೇನ್ರಿ?" ಎಂದು ಅವಳೇ ಒಂದು ಸಂಜೆ ಕೇಳಿದಳು.

"ಎಲ್ಲೂ ಬರದಿಲ್ಲವಾ."

"ಅದ ತ್ರಾಸ ಆಗೇತ್ರಿ. ಬರದಿದ್ರ ಯಾಕಂತ ಕೇಳಬಹುದಿತ್ತು."

ಈ ಬಗೆಯ ಸಂಶೋಧನೆಯಲ್ಲಿ ಒಂದು ಹೆಜ್ಜೆ ಇದೆ. ಕಂಡುಕೊಂಡದ್ದನ್ನು ಅದೇ ಜನರ ಮುಂದೆ ಇಡಬೇಕು. ಏನು ಮಾಡಬೇಕೆಂದು ಅವರೇ ತೀರ್ಮಾನಿಸಬೇಕು. ಪ್ರಬಂಧ ಪೂರ್ತಿಯಾದ ಮೇಲೆ ಇಡುವುದು ರೂಢಿ. ನಾನು ಈಗಲೇ ಇಡುತ್ತೇನೆ ಎಂದೆ. ಮಾರ್ಗದರ್ಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವು ಅಲ್ಲಿ ನೋಡ್ಲಿಕ್ಕೆ ಹೋಗೀರಿ, ಆಡ್ಲಿಕ್ಕಲ್ಲ. ನೀವು ಕೈ ಹಾಕಿದ ಮ್ಯಾಲೆ ಅದು ಆ ಊರಿನ ಕಥಿ ಆಗಿ ಉಳಿಯೂದಿಲ್ಲ."

"ಶುಕ್ರವಾರ ಆದಮ್ಯಾಲೆ ಆ ಹುಡುಗಿ ಕಥೀನ ಉಳಿಯೂದಿಲ್ಲಲ್ಲ ಸರ್" ಅಂದೆ. ಅವರು ಹೋಗಿ ಬರ್ರಿ ಎಂದರು.

ಬುಧವಾರ ಮಧ್ಯಾಹ್ನ ಶಾಲೆಯ ವರಾಂಡದಲ್ಲಿ ಹೆಂಗಸರು ಕೂಡಿದರು. ಉಡಿಯ ತಯಾರಿಗೆಂದೇ ಪ್ರತಿ ವರ್ಷ ಹಾಗೆ ಕೂಡುವುದಿತ್ತು, ನಾನು ಅದರಲ್ಲಿ ಸ್ವಲ್ಪ ಹೊತ್ತು ಕೇಳಿ ಪಡೆದಿದ್ದೆ. ಗಂಡಸರು ಒಬ್ಬರೂ ಇರಲಿಲ್ಲ. ಅದು ಹೆಣ್ಣುಮಕ್ಕಳ ಕೆಲಸ. ನಾನು ಯಾರ ತಪ್ಪನ್ನೂ ಹೇಳಲಿಲ್ಲ. ಹಳೆಯ ಆಟಗಾರ್ತಿಯರಿಂದ ಮೊದಲೇ ಒಪ್ಪಿಗೆ ಪಡೆದು, ಹೆಸರು ಊರು ತೆಗೆದು, ಅವರ ಮಾತುಗಳನ್ನು ಮಾತ್ರ ಓದಿದೆ. ಸೀರೆಯ ಒಳಗೆ ಚಡ್ಡಿ ಹಾಕಿಕೊಂಡವಳ ಮಾತು ಓದಿದಾಗ ಹಿಂದಿನ ಸಾಲಿನಲ್ಲಿ ಒಬ್ಬ ತಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಹೆಸರು ತೆಗೆದರೇನು, ಮಗಳ ಮಾತು ತಾಯಿಗೆ ತಿಳಿಯದೆ ಇರುತ್ತದೆಯೇ. ಒಬ್ಬೊಬ್ಬರಾಗಿ ತಮ್ಮ ಮಕ್ಕಳ ಆ ದಿನ ನೆನಸಿಕೊಂಡು ಮಾತಾಡತೊಡಗಿದರು. ಉತ್ತತ್ತಿ ಆರಿಸಲು ತಂದ ಮೊರ ಹಾಗೇ ಉಳಿಯಿತು.

ಎಲ್ಲರ ನಡುವೆ ಕೂತಿದ್ದವರು ನಾಯಕಿಯ ಆಯಿ, ಅಂದರೆ ಅಜ್ಜಿ. ಊರ ಹೆಂಗಸರಲ್ಲಿ ಅವರ ಮಾತಿಗೆ ತೂಕ. "ನಾವು ಹೂವಿನಂಗ ಕಳಸೇವಿ ಅಂತ ತಿಳಕೊಂಡಿದ್ವಿ ತಂಗಿ" ಎಂದು ನನ್ನ ಕಡೆ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಈ ಸಲ ಉಡಿ ಬ್ಯಾಡ. ಮುಂದ ಸೈತ ಬ್ಯಾಡ. ಹುಡುಗಿ ಧಾರವಾಡಕ್ಕ ಹೋಗಿ ಆಡಿ ಬರಲಿ" ಅಂದರು. ಯಾರೂ ಎದುರಾಡಲಿಲ್ಲ. ನಾಯಕಿ ಕಂಬದ ಹತ್ತಿರ ಗೆಳತಿಯರ ಜೊತೆ ನಿಂತಿದ್ದಳು. ಸುದ್ದಿ ಮುಟ್ಟಿದ್ದೇ ಆ ತುದಿಯಿಂದ ಈ ತುದಿಗೆ ಸುಮ್ಮನೆ ಒಂದು ಸಲ ಓಡಿ ಬಂದಳು. ಅವತ್ತು ನಾನು ಎಷ್ಟು ಸಂತೋಷಪಟ್ಟೆನೆಂದರೆ, ಬಸ್ಸು ಬರುವ ತನಕ ಪಿ.ಟಿ. ಸರ್ ಜೊತೆ ಮುಂದಿನ ವರ್ಷದ ತಂಡದ ಬಗ್ಗೆ ಮಾತಾಡುತ್ತ ನಿಂತಿದ್ದೆ.

ಸೋಮವಾರ ಬೆಳಿಗ್ಗೆ ನಾನು, ಪಿ.ಟಿ. ಸರ್ ಇಬ್ಬರೂ ಊರ ಬಸ್ ಸ್ಟ್ಯಾಂಡಿನಲ್ಲಿ ಕಾದೆವು. ಸರ್ ನಾಯಕಿಗೆಂದು ಹೊಸ ಕಾಲುಚೀಲ ತಂದಿದ್ದರು. ಮೊದಲ ಬಸ್ಸು ಹೋಯಿತು. ಎರಡನೆಯದು ಬರುವ ಹೊತ್ತಿಗೆ ಮನೆಗೇ ಹೋದೆವು.

ಮನೆಯ ಮುಂದೆ ಸಾರಿಸಿ ರಂಗೋಲಿ ಹಾಕಿತ್ತು. ಕಟ್ಟೆಯ ಮೇಲೆ ಅವಳ ಕಾಕಾ, ಅಂದರೆ ಚಿಕ್ಕಪ್ಪ, ಕೂತಿದ್ದರು. ಆ ಮನೆಯಲ್ಲಿ ನಡೆಯುವುದು ಅವರ ಮಾತು, ಅವಳ ತಂದೆಯೂ ಅವರ ಮಾತು ಮೀರುವವರಲ್ಲ. ಕಾಕಾ ಕೆಟ್ಟ ಮನುಷ್ಯರಲ್ಲ. ಬರ್ರಿ ಕುಂದರ್ರಿ ಅಂದು ಜಮಖಾನೆ ಹಾಸಿಸಿ ಚಾ ತರಿಸಿದರು.

"ಇವತ್ತ ಆಯ್ಕೆ ಇತ್ರಿ" ಅಂದೆ.

"ಇರಲಿ ಬಿಡ್ರಿ ಅಕ್ಕಾರ. ಇವತ್ತ ಕುಂದಗೋಳ ಕಡೆಯಿಂದ ಬೀಗರು ನೋಡಾಕ ಬರಾಕತ್ತಾರ."

"ಹೆಣ್ಮಕ್ಕಳೆಲ್ಲಾ ಕೂಡಿ ಉಡಿ ಬ್ಯಾಡ, ಆಕಿ ಹೋಗಲಿ ಅಂದಾರಲ್ರಿ."

ಕಾಕಾ ನನ್ನನ್ನು ಬೇಸರವಿಲ್ಲದೆ ನೋಡಿದರು. "ಹೌದ್ರಿ, ಉಡಿ ನಿಲ್ಲಿಸಿದ್ರಂತ ಕೇಳೀನಿ. ನಿಲ್ಲಸಲಿ. ಅದು ಅವರ ಕೆಲಸ. ಹುಡುಗೀನ ಎಲ್ಲಿ ಕಳಸಬೇಕು ಅನ್ನೂದು ನಮ್ಮ ಕೆಲಸ. ಚಾ ಆರತೈತಿ, ಕುಡೀರಿ."

ಒಳಗಿನ ಬಾಗಿಲ ಮರೆಯಲ್ಲಿ ಆಯಿ ನಿಂತಿದ್ದರು. ಬುಧವಾರ ಅಷ್ಟು ಜನರ ನಡುವೆ ತೀರ್ಪು ಕೊಟ್ಟ ಬಾಯಿ ಅಲ್ಲಿ ತೆರೆಯಲಿಲ್ಲ. ಹುಡುಗಿ ಕಾಣಲಿಲ್ಲ. ಪಿ.ಟಿ. ಸರ್ ಕಾಲುಚೀಲವನ್ನು ಕಟ್ಟೆಯ ಮೇಲಿಟ್ಟು, ಮತ್ತೇನೋ ಯೋಚಿಸಿ ಎತ್ತಿಕೊಂಡು ಜೇಬಿಗೆ ಹಾಕಿಕೊಂಡರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ದಾರಿಯುದ್ದಕ್ಕೂ ಅವರು ಹೇಳುತ್ತ ಬಂದರು.

ಉಡಿ ಹೆಂಗಸರ ಕೈಯಲ್ಲಿತ್ತು, ಆದ್ದರಿಂದ ಅವರು ಅದನ್ನು ನಿಲ್ಲಿಸಬಲ್ಲರು. ಧಾರವಾಡದ ಬಸ್ಸು ಅವರ ಕೈಯಲ್ಲಿ ಯಾವತ್ತೂ ಇರಲಿಲ್ಲ. ತೀರ್ಮಾನ ಮಾಡುವವರು ಯಾರು ಎಂದು ಹುಡುಕಹೋದ ನನಗೆ ಅಡುಗೆಮನೆಗಳ ಬಾಗಿಲು ತೆರೆದಿತ್ತು, ಅಲ್ಲಿಯೇ ಕೂತು ಹುಡುಕಿದ್ದೆ. ಕಟ್ಟೆಯ ಮೇಲೆ ಕೂರುವವರ ಜೊತೆ ಒಂದು ಸಂದರ್ಶನವೂ ನನ್ನ ಹತ್ತಿರ ಇರಲಿಲ್ಲ. ಕೇಳಿದಾಗಲೆಲ್ಲ ಅವರು, ಆಟದ ವಿಚಾರ ಮನಿಯಾಗ ಕೇಳ್ರಿ ಎಂದು ನಗುತ್ತ ಒಳಗೆ ಕಳಿಸುತ್ತಿದ್ದರು.

ಬೇಸಿಗೆಯಲ್ಲೇ ಮದುವೆಯಾಯಿತು. ಉಡಿಯನ್ನು ಎಲ್ಲರೂ ಕೂಡಿ ನಿಲ್ಲಿಸಿದ್ದರಿಂದ ಮತ್ತೆ ಶುರು ಮಾಡಲು ಯಾರಿಗೂ ಬಾಯಿ ಬರಲಿಲ್ಲ. ಅವಳಿಗಿಂತ ಮುಂಚಿನವರೆಲ್ಲ ಊರ ಕಣ್ಣೆದುರು, ಕಂಬದ ಮುಂದೆ ಕೂತು, ಆಟಗಾರ್ತಿ ಎನಿಸಿಕೊಂಡು ಹೋದರು. ಇವಳು ಒಂದು ಸೋಮವಾರ ಅಂಗಳಕ್ಕೆ ಬರುವುದು ನಿಲ್ಲಿಸಿದಳು, ಅಷ್ಟೆ.

ಶಾಲೆ ಶುರುವಾದಾಗ ಇನ್ನೊಂದು ಪೆಟ್ಟು ಬಿತ್ತು. ಸಂಜೆ ಅಂಗಳಕ್ಕೆ ಬರುವ ಹುಡುಗಿಯರು ಕಡಿಮೆಯಾದರು. ಮನೆಗಳಿಗೆ ಹೋಗಿ ಕೇಳಿದೆ. ಎಂಟನೆಯ ತರಗತಿಯ ಹುಡುಗಿಯ ತಾಯಿಯೊಬ್ಬಳು ಸಂಕೋಚದಿಂದ ಹೇಳಿದಳು: "ಮೊದಲ ಉಡಿ ಇತ್ರಿ. ಪಿಯು ಮುಗಿದಕೂಡ್ಲೆ ಮಾನದಿಂದ ಮನಿಗೆ ಬರತಾಳ ಅಂತ ನಮ್ಮ ಯಜಮಾನರಿಗೆ ಹೇಳಿ ಕಳಸಬಹುದಿತ್ತು. ಈಗ ಆಟಕ್ಕ ಬಿಟ್ರ ಹುಡುಗಿ ಧಾರವಾಡಕ್ಕ ಹೊಂಟ ನಿಲ್ತಾಳಂತ ಅಂಜತಾರ್ರಿ." ಮುಗಿಯುವ ದಿನ ಗೊತ್ತಿದ್ದುದರಿಂದಲೇ ಅವರು ಶುರುವಾಗಲು ಬಿಟ್ಟಿದ್ದರು. ಆ ಹೆಂಗಸರು ಗಂಡಸರ ಜೊತೆ ಮಾಡಿಕೊಂಡಿದ್ದ ಒಂದು ಮೂಕ ಕರಾರು ಅದು. ಅದನ್ನು ಅವರು ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ, ಬಹುಶಃ ತಮಗೆ ತಾವೂ ಹೇಳಿಕೊಂಡಿರಲಿಲ್ಲ. ಆ ವರ್ಷ ಊರಿನಿಂದ ಪಂದ್ಯಕ್ಕೆ ತಂಡ ಹೋಗಲಿಲ್ಲ.

ಪ್ರಬಂಧದ ಆ ಅಧ್ಯಾಯವನ್ನು ಮೂರು ಬಾರಿ ಬರೆದು ಹರಿದೆ. ಉಡಿಯನ್ನು ನೆರವು ಎಂದು ಬರೆದರೂ ಸುಳ್ಳು, ಅಡ್ಡಿ ಎಂದು ಬರೆದರೂ ಸುಳ್ಳು. ಕೊನೆಗೆ ನಡೆದದ್ದನ್ನು ನಡೆದ ಹಾಗೆ ಬರೆದೆ. ನಾಯಕಿಯ ಮಾತುಗಳನ್ನು ಬಳಸಲು ಅವಳ ಒಪ್ಪಿಗೆ ಬೇಕಿತ್ತು. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವುದರಿಂದ ಆ ದಿನ ಹೋದೆ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಅವಳು ಕೆಳಗಿಳಿದು ಬಂದು, ನಾನು ಓದುವುದನ್ನು ಕೈಕಟ್ಟಿ ನಿಂತು ಕೇಳಿದಳು. ಸಣ್ಣಗಾಗಿದ್ದಳು. ಅವಳ ಆಟವನ್ನು ಬರೆದ ಕಡೆ ತಡೆದು, "ಅಲ್ಲಿ ಎಡಕ್ಕ ಹೊಳ್ಳಿದ್ದಿಲ್ರಿ, ಬಲಕ್ಕ ಹೊಳ್ಳಿದ್ದೆ" ಎಂದು ತಿದ್ದಿದಳು. ಮುಗಿದ ಮೇಲೆ ಕೇಳಿದಳು:

"ಇದರಾಗ ನನ್ನ ಹೆಸರ ಎಲ್ಲೈತ್ರಿ?"

"ಹೆಸರು ಹಾಕಂಗಿಲ್ಲವಾ. ನಿನಗ ತ್ರಾಸ ಆಗಬಾರದಂತ ನಿಯಮ ಐತಿ."

"ಹಾಕ್ರಿ ಅಕ್ಕಾರ. ಉಳದವರಿಗೆ ಉಡಿ ತುಂಬ್ಯಾರ, ಊರ ಮಂದಿ ನೋಡೇತಿ. ನಾ ಆಡಿದ್ದಕ್ಕ ಏನೂ ಇಲ್ಲ. ನಿಮ್ಮ ಬುಕ್ಕಿನ್ಯಾಗರೆ ಇರಲಿ."

ವಿಶ್ವವಿದ್ಯಾಲಯದ ಸಮಿತಿಯ ಮುಂದೆ ಕೇಳಿದೆ. ಮಾರ್ಗದರ್ಶಕರೂ ನನ್ನ ಪರವಾಗಿ ಮಾತಾಡಿದರು. ಸಮಿತಿ ಒಪ್ಪಲಿಲ್ಲ. ಗಂಡನ ಮನೆಯವರು ಓದಿದರೆ ಅವಳ ಗತಿಯೇನು ಎಂದರು. ಅವರ ಮಾತೂ ಸರಿಯೇ ಇತ್ತು. ಪ್ರಬಂಧದಲ್ಲಿ ಅವಳು ಬರೀ ಒಬ್ಬ 'ಆಟಗಾರ್ತಿ'ಯಾಗಿ ಉಳಿದಳು. ನನಗೆ ಪದವಿ ಬಂತು.

ಇದನ್ನು ಬರೆಯಲು ಕೂತಾಗ, ಈ ಬರಹಕ್ಕೆ ಯಾವ ಸಮಿತಿಯೂ ಇಲ್ಲವಲ್ಲ ಎಂದು ಖುಷಿಯಾಯಿತು. ಅವಳಿಗೆ ಫೋನ್ ಮಾಡಿದೆ. ಹೆಸರು ಹಾಕುತ್ತೇನೆ, ಪೂರ್ತಿ ಹೆಸರು, ಊರಿನ ಸಮೇತ ಅಂದೆ. ಆ ಕಡೆ ಪಾತ್ರೆಯ ಸದ್ದು ನಿಂತಿತು. ಅವಳು ದನಿ ತಗ್ಗಿಸಿದಳು.

"ಈಗ ಬ್ಯಾಡ್ರಿ ಅಕ್ಕಾರ. ನಾ ಆಡತಿದ್ದೆ ಅನ್ನೂದು ಇಲ್ಲಿ ಯಾರಿಗೂ ಹೇಳಿಲ್ಲ."